ಅಡುಗೆಮನೆಗೆ ಬರುವ ಪ್ಲಾಸ್ಟಿಕ್: ಯಾವುದನ್ನು ಮೊದಲು ಬಿಡಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು)

ಕಳೆದ ತಿಂಗಳು ಒಂದು ವಾರದ ಒಣಕಸವನ್ನು ಗಾಡಿಗೆ ಹಾಕದೆ ಬಾಲ್ಕನಿಯಲ್ಲಿ ಕೂಡಿಟ್ಟು, ಭಾನುವಾರ ನೆಲದ ಮೇಲೆ ಹರಡಿ ಎಣಿಸಿದೆ. ನಾಲ್ಕು ಜನರ ಮನೆಯಲ್ಲಿ 53 ಪ್ಲಾಸ್ಟಿಕ್ ವಸ್ತುಗಳು ಸಿಕ್ಕವು; ಅವುಗಳಲ್ಲಿ 47 ತಿನ್ನುವ ಪದಾರ್ಥಕ್ಕೆ ಸುತ್ತಿಕೊಂಡು ಬಂದವು. ಹಾಲಿನ ಕವರ್ 14, ಮಕ್ಕಳ ಕುರುಕಲು ತಿಂಡಿಯ ಪೊಟ್ಟಣ 11, ಉಳಿದವು ಬೇಳೆ, ರವೆ, ಸೊಪ್ಪು, ಹಣ್ಣಿನವು. ನಾಲ್ಕು ಸೀಬೆಹಣ್ಣನ್ನು ಥರ್ಮಾಕೋಲ್ ತಟ್ಟೆಯಲ್ಲಿಟ್ಟು ಮೇಲೆ ತೆಳುಹಾಳೆ ಬಿಗಿದಿದ್ದರು. ಹುಟ್ಟುವಾಗಲೇ ಸಿಪ್ಪೆ ತೊಟ್ಟು ಬರುವ ಬಾಳೆಹಣ್ಣಿಗೂ ಒಂದು ಕವರ್ ತೊಡಿಸಿದ್ದರು. ನಾನು ಕೆಲಸ ಮುಗಿಸಿ ಹೊರಡುವುದೇ ಸಂಜೆ ಏಳಕ್ಕೆ, ಆದ್ದರಿಂದ ಮನೆ ಹತ್ತಿರದ ಸೂಪರ್ ಮಾರ್ಕೆಟ್ಟೇ ಗತಿ. ಅಲ್ಲಿ ಹಾಗಲಕಾಯಿಯನ್ನು ನನ್ನ ಬಟ್ಟೆ ಚೀಲಕ್ಕೇ ತೂಗಿ ಹಾಕಿರೆಂದು ಕೇಳಿದರೆ, ಬೆಲೆಯ ಚೀಟಿ ಅಂಟಿಸಲು ಕವರ್ ಬೇಕೇ ಬೇಕು ಎಂದರು. ಯಾವುದನ್ನು ಬಿಟ್ಟರೆ ನಿಜವಾಗಿ ಪ್ರಯೋಜನವಿದೆ, ಯಾವುದು ಬರಿಯ ಮನಸ್ಸಮಾಧಾನ ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1 (ಅಗ್ರಹಾರ, ಮೈಸೂರು)

ಅಮ್ಮ, ವಾರಕ್ಕೊಮ್ಮೆ ಬಿಡುವಾದರೆ ಬೆಳಿಗ್ಗೆ ಏಳೂವರೆಗೆ ದೇವರಾಜ ಮಾರುಕಟ್ಟೆಗೆ ಬನ್ನಿ. ವೀಳ್ಯದೆಲೆ ಮತ್ತು ಮಲ್ಲಿಗೆಯನ್ನು ಇಂದಿಗೂ ಬಾಳೆಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿಕೊಡುವವರಿದ್ದಾರೆ. ಆದರೆ ಕೇಳುವ ಮೊದಲೇ ಕವರ್ ಬಿಡಿಸುವವರೂ ಇದ್ದಾರೆ, ಆದ್ದರಿಂದ ಚೀಲವನ್ನು ಮೊದಲೇ ಚಾಚಬೇಕು. ದಿನಸಿಗೆ ನಾನು ಸಂತೆಪೇಟೆಗೆ ಸ್ಟೀಲ್ ಡಬ್ಬಗಳನ್ನೇ ಒಯ್ಯುತ್ತೇನೆ. ಖಾಲಿ ಡಬ್ಬದ ತೂಕವನ್ನು ತಳದಲ್ಲಿ ಬಣ್ಣದಿಂದ ಬರೆಸಿಟ್ಟಿರುವುದರಿಂದ ಅಂಗಡಿಯವರು ಅಷ್ಟನ್ನು ಕಳೆದು ಲೆಕ್ಕ ಹಾಕುತ್ತಾರೆ, ತಕರಾರಿಗೆ ಎಡೆಯಿಲ್ಲ. ಕಾಫಿಪುಡಿಗೂ ಇದೇ ಕ್ರಮ. ಬಿಸಿ ಪುಡಿಯನ್ನು ಪ್ಲಾಸ್ಟಿಕ್ಕಿಗೆ ತುಂಬಿಸಿಕೊಂಡು ಬರುವುದು ನನಗಂತೂ ಮನಸ್ಸಿಗೆ ಒಗ್ಗುವುದಿಲ್ಲ. ಒಂದು ಎಚ್ಚರಿಕೆ: ಹಿಂದಿನ ಕಾಲದ ಹಾಗೆ ದಿನಪತ್ರಿಕೆಯಲ್ಲಿ ಬೋಂಡಾ, ವಡೆ ಕಟ್ಟಿಸಿಕೊಳ್ಳಬೇಡಿ. ಮಸಿ ತಿಂಡಿಗೆ ಇಳಿಯುವುದರಿಂದ 2018ರ ಆಹಾರ ಪ್ಯಾಕಿಂಗ್ ನಿಯಮಗಳು ಅದನ್ನು ನಿಷೇಧಿಸಿವೆ.

ಉತ್ತರ 2 (ಸರಸ್ವತಿಪುರಂ, ಮೈಸೂರು)

ಒಣಕಸ ವಿಂಗಡಿಸುವ ಕಡೆ ಎರಡು ವರ್ಷ ಸ್ವಯಂಸೇವೆ ಮಾಡಿದವನಾಗಿ ಹೇಳುತ್ತೇನೆ ಮೇಡಂ: ನೀವು ಎಣಿಸಿದ 53ರಲ್ಲಿ ಎಲ್ಲವೂ ಒಂದೇ ಅಲ್ಲ. ಹಾಲಿನ ಕವರ್ ಪಾಲಿಥಿನ್ ಒಂದರಿಂದಲೇ ಆದದ್ದು, ತೊಳೆದು ಒಣಗಿಸಿದರೆ ಗುಜರಿಯವರೂ ಕೊಳ್ಳುತ್ತಾರೆ, ಕರಗಿಸಿ ಮತ್ತೆ ಬಳಸಬಹುದು. ಕುರುಕಲು ತಿಂಡಿಯ ಪೊಟ್ಟಣದ ಕಥೆ ಬೇರೆ. ಒಳಗೆ ಬೆಳ್ಳಿಯಂತೆ ಹೊಳೆಯುವುದು ಅಲ್ಯೂಮಿನಿಯಂ ಲೇಪ, ಹೊರಗೆ ಮುದ್ರಣವಾದ ಇನ್ನೊಂದು ಪದರ. ಪದರಗಳನ್ನು ಬಿಡಿಸುವುದು ಲಾಭದ ಕೆಲಸವಲ್ಲವಾದ್ದರಿಂದ ಆಯುವವರು ಅದನ್ನು ಕೈಯಲ್ಲಿ ಮುಟ್ಟುವುದೇ ಇಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುತ್ತದೆ, ಇಲ್ಲವಾದರೆ ಗುಡ್ಡೆಯಲ್ಲಿ ಕೊಳೆಯದೆ ಉಳಿಯುತ್ತದೆ. ಆದ್ದರಿಂದ ನಿಮ್ಮ ಮೊದಲ ಗುರಿ ಹಾಲಲ್ಲ, ಆ 11 ಪೊಟ್ಟಣಗಳು ಮತ್ತು ಥರ್ಮಾಕೋಲ್ ತಟ್ಟೆ. ಕೋಡುಬಳೆ, ಚಕ್ಕುಲಿಯನ್ನು ಕಾಂಡಿಮೆಂಟ್ಸ್ ಅಂಗಡಿಯಿಂದ ಡಬ್ಬಕ್ಕೆ ತೂಗಿಸಿಕೊಂಡು ಬಂದರೆ ಮಕ್ಕಳೂ ದೂರಲಾರರು.

ಹಾಲಿನ ಕವರ್ ವಿಷಯದಲ್ಲಿ ಒಂದೇ ಕೋರಿಕೆ. ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ. ಉಗುರಿನಷ್ಟು ಚಿಕ್ಕದಾದ ಆ ತುಂಡು ಯಾವ ಜರಡಿಗೂ ಸಿಗದೆ ಹಸಿಕಸದ ಗೊಬ್ಬರಕ್ಕೆ ಸೇರಿ ಹೊಲಕ್ಕೆ ಹೋಗುತ್ತದೆ. ಅಂಚಿನಲ್ಲಿ ಚೂರು ಅಂಟಿಕೊಂಡಿರುವಂತೆ ಸೀಳಿದರೆ ಸಾಕು.

ಇನ್ನು ಕಾನೂನು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ನಿಷೇಧ 2016ರ ಮಾರ್ಚ್‌ನಲ್ಲೇ ಬಂತು. ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಸಿಹಿತಿಂಡಿ ಡಬ್ಬಕ್ಕೆ ಸುತ್ತುವ ತೆಳುಹಾಳೆಯೂ ಆ ಪಟ್ಟಿಯಲ್ಲಿದೆ. ಆದರೆ ಕಾರ್ಖಾನೆಯಲ್ಲೇ ತುಂಬಿ ಮುಚ್ಚಿದ ಪೊಟ್ಟಣ ಈ ನಿಷೇಧದಿಂದ ಹೊರಗೆ ಉಳಿಯಿತು, ನಿಮ್ಮ ಬಾಲ್ಕನಿ ತುಂಬಿದ್ದು ಬಹುಪಾಲು ಅದರಿಂದಲೇ. ಬಟ್ಟೆಯಂತೆ ಕಾಣುವ, ನೇಯ್ಗೆಯಿಲ್ಲದ ಬಣ್ಣದ ಚೀಲವನ್ನು ನಂಬಬೇಡಿ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ.

ಉತ್ತರ 3 (ಮಂಡ್ಯ)

ನಾನು ದಿನಸಿ ಅಂಗಡಿ ಇಟ್ಟಿರುವವನು. ಮೇಲಿನವರ ಮಾತು ಸರಿಯಿದ್ದರೂ ಅಂಗಡಿಯ ಕಷ್ಟವನ್ನೂ ಕೇಳಿ. ಮಳೆಗಾಲದಲ್ಲಿ ಬಿಡಿ ರವೆ, ಕಡಲೆಹಿಟ್ಟು ಹದಿನೈದು ದಿನಕ್ಕೇ ಹುಳು ಹಿಡಿದು ಹಾಳಾದರೆ, ಅದನ್ನು ಬೆಳೆಯಲು, ಬೀಸಲು ಬಿದ್ದ ಖರ್ಚೆಲ್ಲ ನೀರುಪಾಲು. ಅಂಥವಕ್ಕೆ ಪೊಟ್ಟಣವೇ ಮೇಲು. ಬೆಲ್ಲ, ಅಕ್ಕಿ, ರಾಗಿ, ಇಡೀ ಕಾಳುಗಳಿಗೆ ಮಾತ್ರ ಪ್ಲಾಸ್ಟಿಕ್ ಬೇಕಿಲ್ಲ. ಅಚ್ಚು ಬೆಲ್ಲವನ್ನು ನಾನು ಇಂದಿಗೂ ಕಾಗದದಲ್ಲಿ ಕೊಡುತ್ತೇನೆ, ಬಿಳಿ ಕಾಗದದಲ್ಲಿ. ಚೀಲ ತಂದವರಿಗೆ ಒಂದು ರೂಪಾಯಿ ಕಡಿಮೆ ಮಾಡಿ ನೋಡಿದೆ. ರೂಪಾಯಿ ಇಸಕೊಂಡು, ‘ಮಳೆ ಬರೋ ಹಾಗಿದೆ, ಮೇಲೊಂದು ಕವರ್ ಹಾಕಿಬಿಡಿ’ ಎಂದವರೇ ಹೆಚ್ಚು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೂರು ವಾರ ಪ್ರಯತ್ನಿಸಿ ಮತ್ತೆ ಎಣಿಸಿದೆ: 29. ಹಾಲಿನ 14 ಹಾಗೆಯೇ ಉಳಿದವು, ಆದರೆ 14ಕ್ಕೂ ಮೂಲೆ ಅಂಟಿಕೊಂಡೇ ಇದೆ. ರವೆಯನ್ನು ಮಂಡ್ಯದವರ ಮಾತಿನಂತೆ ಪೊಟ್ಟಣದಲ್ಲೇ ತಂದೆ, ಅರ್ಧ ಕಿಲೋ ಬದಲು ಎರಡು ಕಿಲೋದ್ದು. ಕುರುಕಲು 11ರಿಂದ 3ಕ್ಕೆ ಇಳಿದಿದೆ. ಮಗ ಆ ಮೂರನ್ನು ಬಿಟ್ಟುಕೊಡಲು ಸಿದ್ಧನಿಲ್ಲ. ಸೂಪರ್ ಮಾರ್ಕೆಟ್ಟಿನ ತೂಕದ ಹುಡುಗ ಈ ಬಾರಿ ಹಾಗಲಕಾಯಿಯ ಚೀಟಿಯನ್ನು ನನ್ನ ಬಟ್ಟೆ ಚೀಲದ ಹಿಡಿಗೇ ಅಂಟಿಸಿಕೊಟ್ಟ. ಅದನ್ನು ಬಿಡಿಸಲು ಬಿಸಿನೀರಿನಲ್ಲಿ ಎರಡು ಸಲ ನೆನೆಹಾಕಬೇಕಾಯಿತು.