ಬಿಗ್ ಟ್ರೌಟ್ ಕೆರೆಗೆ ಕ್ಯಾನೂ ಟ್ರಿಪ್: ಈಜು ಬಾರದವರು ಹೋಗಬಹುದಾ?

ಮಿಸಿಸಾಗಾ ಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನಾವು ಟೊರೊಂಟೊ ಕಡೆಗೆ ಬಂದು ನಾಲ್ಕು ವರ್ಷ ಆಯಿತು. ಮಗನಿಗೆ 13, ಮಗಳಿಗೆ 9. ಕ್ಲಾಸಿನಲ್ಲಿ ಎಲ್ಲರೂ ಕ್ಯಾನೂ (ಹುಟ್ಟು ಹಾಕುವ ಸಣ್ಣ ದೋಣಿ) ಟ್ರಿಪ್ ಹೋಗಿ ಬಂದವರೇ, ನಾನೊಬ್ಬನೇ ಇಲ್ಲ ಅಂತ ಮಗ ಮುಖ ಊದಿಸಿಕೊಂಡಿದ್ದಾನೆ. ನಮ್ಮ ಮನೆಯವರಿಗೂ ಹುರುಪು ಬಂದಿದೆ. ಆಗಸ್ಟ್ ಕೊನೆಗೆ ಅಲ್ಗಾಂಕ್ವಿನ್ ಪಾರ್ಕ್ ಅನ್ನುವ ದೊಡ್ಡ ಕಾಡಿನೊಳಗಿನ ಬಿಗ್ ಟ್ರೌಟ್ ಕೆರೆ, ಮೂರು ರಾತ್ರಿ ಅಂತ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದಾರೆ. ಇವರು ಜೀವನದಲ್ಲಿ ಹತ್ತಿದ್ದು ಒಂದೇ ದೋಣಿ, ಹಂಪಿಯ ತೆಪ್ಪ. ಅದಕ್ಕೂ ಹುಟ್ಟು ಹಾಕಿದ್ದು ಅಂಬಿಗ.

ನನಗೆ ಈಜು ಬರಲ್ಲ. ಅಲ್ಲಿ ಫೋನ್ ಸಿಗ್ನಲ್ ಇಲ್ಲವಂತೆ. ಕರಡಿ ಬೇರೆ. ಮಕ್ಕಳ ಜೊತೆ ಹೋದವರು ಯಾರಾದರೂ ಇದ್ದೀರಾ? ನನ್ನಂಥವಳು ಆ ದೋಣಿಯಲ್ಲಿ ಕೂರಬಹುದಾ?

ಗ್ವೆಲ್ಫ್ ಗೌಡ:
ಮೇಡಂ, ಹೋಗಿ. ಆದರೆ ಮೊದಲ ಸಲಕ್ಕೆ ಬಿಗ್ ಟ್ರೌಟ್ ಬೇಡ. ಕ್ಯಾನೂ ಲೇಕ್ ಅನ್ನುವ ಕೆರೆಯಿಂದ ಹೊರಟರೆ ದಾರಿಯಲ್ಲಿ ಮೇಲಿಂದ ಮೇಲೆ ಪೋರ್ಟೇಜ್ ಬರುತ್ತದೆ. ಅಂದರೆ ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿಯನ್ನೇ ತಲೆ ಮೇಲೆ ಹೊತ್ತು ನಡೆಯಬೇಕು. ಹಗುರದ ಕೆವ್ಲಾರ್ ದೋಣಿಯೇ ಹತ್ತಿರ ಹತ್ತಿರ 20 ಕೆಜಿ ಇರುತ್ತದೆ. ಒಂದು ಸಲ ದೋಣಿ, ವಾಪಸ್ ಬಂದು ಇನ್ನೊಂದು ಸಲ ಮೂಟೆ. 800 ಮೀಟರ್ ದಾರಿ ಎರಡೂವರೆ ಕಿಲೋಮೀಟರ್ ನಡಿಗೆ ಆಗುತ್ತದೆ. ಮಧ್ಯೆ ಬರ್ನ್ಟ್ ಐಲೆಂಡ್ ಅಂತ ಉದ್ದನೆಯ ಕೆರೆ ಇದೆ, ಮಧ್ಯಾಹ್ನ ಗಾಳಿ ಎದ್ದರೆ ಹೊಸಬರ ಕೈ ಸೋಲುತ್ತದೆ.

ಅದರ ಬದಲು ಟಾಮ್ ಥಾಮ್ಸನ್ ಕೆರೆ ನೋಡಿ. ಅದೇ ಕ್ಯಾನೂ ಲೇಕಿನಿಂದ ಹೊರಟು ಜೋ ಲೇಕಿನ ಹತ್ತಿರ 300 ಮೀಟರ್‌ನಷ್ಟು ಒಂದೇ ಪೋರ್ಟೇಜ್, ಅಗಲವಾದ ದಾರಿ. ಆಮೇಲೆ ಎಲ್ಲ ನೀರೇ. ನಡುವೆ ಬೀವರ್ ಅನ್ನುವ ಪ್ರಾಣಿ ಕಟ್ಟಿದ ಒಡ್ಡು ಸಿಕ್ಕರೆ ಇಳಿದು ದೋಣಿ ದಾಟಿಸಬೇಕು, ಮಕ್ಕಳಿಗೆ ಅದೇ ಖುಷಿ. ಬುಕಿಂಗ್ ಐದು ತಿಂಗಳು ಮೊದಲೇ ತೆರೆಯುತ್ತದೆ, ತಡ ಮಾಡಬೇಡಿ. ಇನ್ನೊಂದು ಮಾತು, ನಾಲ್ಕು ಜನ ಮತ್ತು ಮೂಟೆಗೆ ಒಂದು ದೋಣಿ ಬಿಗಿ. ಎರಡು ದೋಣಿ ಅಂದರೆ ಹುಟ್ಟು ಹಾಕಲು ಬಲ್ಲವರು ಇಬ್ಬರು ಬೇಕು. ಗೊತ್ತಿರುವ ಒಂದು ಮನೆಯವರ ಜೊತೆ ಸೇರಿ ಹೋಗಿ.

ತುಂಗಾತೀರ:
ನಾನು ಬಂದಿದ್ದು 1989ರಲ್ಲಿ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಪ್ಪ ತೀರ್ಥಹಳ್ಳಿ ಕಾಡಿನಲ್ಲಿ ಇಂಬಳ ಕಚ್ಚಿಸಿಕೊಂಡು ಶಾಲೆಗೆ ನಡೆದವರು. ಮಗ ಕಾಡು ಬಿಟ್ಟು ಹೊರಗೆ ಹೋಗಲಿ ಅಂತಲೇ ನನ್ನನ್ನು ಓದಿಸಿದರು. ಈಗ ನಾವು ದುಡ್ಡು ಕೊಟ್ಟು ಕಾಡಿಗೆ ಹೋಗಿ, ಮುಚ್ಚಳದ ಮರದ ಪೆಟ್ಟಿಗೆ ಮೇಲೆ ಕಕ್ಕಸಿಗೆ ಕೂರಬೇಕಾ? ಬಿಳಿಯರು ಮಾಡಿದ್ದೆಲ್ಲ ನಾವು ಮಾಡಲೇಬೇಕು ಅಂತ ಯಾರು ಹೇಳಿದ್ದು? ಅದೇ ದುಡ್ಡಿಗೆ ಮಕ್ಕಳನ್ನು ಊರಿಗೆ ಕಳಿಸಿ. ಎರಡು ತಿಂಗಳು ಅಜ್ಜಿ ಜೊತೆ ಇದ್ದರೆ ಕನ್ನಡ ತಾನಾಗಿ ಬರುತ್ತದೆ.

ಸ್ಕಾರ್ಬರೋ ಸೊಸೆ:
ಅದೇ ದುಡ್ಡಿಗಾ ಸರ್? ಬೇಸಿಗೆ ರಜೆಯಲ್ಲಿ ಬೆಂಗಳೂರು ಟಿಕೆಟ್ ಎಷ್ಟು ಅಂತ ಇತ್ತೀಚೆಗೆ ನೋಡಿದ್ದೀರಾ?

ಕಾವೇರಿ ಕಣಿವೆ:
ನಮ್ಮ ಮಗ ಆರು ದಿನದ ಟ್ರಿಪ್ ಮಾಡಿದ್ದ, ಆಗ ಅವನಿಗೆ 14. ಈಗ ವಾಟರ್‌ಲೂ ಯೂನಿವರ್ಸಿಟಿಯಲ್ಲಿ ಇಂಜಿನಿಯರಿಂಗ್. ಅರ್ಜಿಯಲ್ಲೂ ಅದನ್ನು ಬರೆದಿದ್ದ. ನಾನು ಎಲ್ಲರಿಗೂ ಹೇಳುವುದು ಇದನ್ನೇ. ಈಜು, ಪಿಯಾನೋ, ಗಣಿತ, ಮೂರನ್ನೂ ಏಳು ವರ್ಷಕ್ಕೇ ಶುರು ಮಾಡಿಸಿ.

ತುಂಗಾತೀರ:
ನಿಮ್ಮ ಮಗನಿಗೆ ಕನ್ನಡ ಓದಲು ಬರುತ್ತದಾ? ನಾನು ಕೇಳುತ್ತಿರುವುದು ಅದು.

ಕಾವೇರಿ ಕಣಿವೆ:
ಮಾತಾಡುತ್ತಾನೆ. ಅಜ್ಜಿ ಫೋನ್ ಮಾಡಿದರೆ ಹತ್ತು ನಿಮಿಷ ಮಾತಾಡುತ್ತಾನೆ. ಸಾಕಲ್ವಾ?

ಹಳೇ ಮೈಸೂರು:
ನಾನು ಇಲ್ಲಿ ಬರೆಯುವುದು ಕಡಿಮೆ. ಮಗಳಿಗೆ 12 ಇದ್ದಾಗ ಶಾಲೆಯಿಂದ ಇಂಥದ್ದೇ ಟ್ರಿಪ್ ಬಂತು. ಹುಡುಗರೂ ಇರುತ್ತಾರೆ, ರಾತ್ರಿ ಟೆಂಟು ಅಂತ ನಾನೇ ಬೇಡ ಅಂದೆ. ಹೊಟ್ಟೆನೋವು ಅಂತ ಟೀಚರಿಗೆ ಚೀಟಿ ಬರೆದುಕೊಟ್ಟೆ. ನನ್ನ ಚೀಟಿಯಲ್ಲಿದ್ದ ಸ್ಪೆಲಿಂಗ್ ತಪ್ಪನ್ನು ಅವಳೇ ಪೆನ್ಸಿಲ್‌ನಲ್ಲಿ ತಿದ್ದಿ, ಮಡಚಿ, ಬ್ಯಾಗಿಗೆ ಹಾಕಿಕೊಂಡು ಹೋದಳು. ಈಗ ವ್ಯಾಂಕೂವರ್‌ನಲ್ಲಿದ್ದಾಳೆ. ಪ್ರತಿ ವಾರ ಕಯಾಕ್ ದೋಣಿ ಹೊಡೆಯುತ್ತಾಳಂತೆ. ಫೋಟೋ ನಮಗೆ ಕಳಿಸುವುದಿಲ್ಲ, ಅವಳ ಅತ್ತಿಗೆಗೆ ಕಳಿಸುತ್ತಾಳೆ. ಕನ್ನಡ ಚೆನ್ನಾಗಿ ಬರುತ್ತದೆ, ತುಂಗಾತೀರ ಸರ್.

ಗ್ವೆಲ್ಫ್ ಗೌಡ:
ಮತ್ತೆ ವಿಷಯಕ್ಕೆ ಬರೋಣ. ಕರಡಿ ಇರುವುದು ನಿಜ, ಕಪ್ಪು ಕರಡಿ. ಅದಕ್ಕೆ ಬೇಕಾಗಿದ್ದು ನಿಮ್ಮ ಊಟ. ಹಗ್ಗದ ತುದಿಗೆ ಕಲ್ಲು ಕಟ್ಟಿ ಕೊಂಬೆ ಮೇಲಿಂದ ಎಸೆದು ಊಟದ ಚೀಲ ಮೇಲೆಳೆಯಬೇಕು. ನೆಲದಿಂದ 4 ಮೀಟರ್ ಎತ್ತರ, ಬೊಡ್ಡೆಯಿಂದ 2 ಮೀಟರ್ ದೂರ. ಟೂತ್‌ಪೇಸ್ಟೂ ಅದರಲ್ಲೇ. ಮೊದಲ ವರ್ಷ ನಾನು ಅರ್ಧ ಗಂಟೆ ಒದ್ದಾಡಿ ಚೀಲವನ್ನು ನೇತುಹಾಕಿದೆ. ಬೆಳಿಗ್ಗೆ ನೋಡಿದರೆ ಟೆಂಟಿನ ಮೂಲೆಯಲ್ಲಿ ಬೆರಳು ತೂರುವಷ್ಟು ತೂತು, ಮಗಳ ಜಾಕೆಟ್ ಜೇಬಿನಲ್ಲೂ ತೂತು. ಎರಡು ಚಕ್ಕುಲಿ ಇಟ್ಟುಕೊಂಡಿದ್ದಳು. ಕರಡಿ ಅಲ್ಲ, ಚಿಪ್‌ಮಂಕ್, ಅಳಿಲಿನ ಜಾತಿಯದು.

ತಗಡಿನ ಡಬ್ಬ, ಗಾಜಿನ ಬಾಟಲಿ ಒಳಗೆ ಒಯ್ಯುವಂತಿಲ್ಲ. ಮಿಡಿ ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ದರೆ ಮೂರು ದಿನ ಆರಾಮ. ಕೆರೆ ನೀರನ್ನು ಸೋಸಿ ಇಲ್ಲವೇ ಕುದಿಸಿ ಕುಡಿಯಿರಿ. ಸಿಗ್ನಲ್‌ಗೆ, ಹೊಸ ಐಫೋನ್ ಇದ್ದರೆ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ಮನೆಯಲ್ಲೇ ಅದರ ಡೆಮೋ ಒಮ್ಮೆ ನೋಡಿಕೊಳ್ಳಿ.

ತುಂಗಾತೀರ:
ಗೌಡರು ಹೇಳಿದ ಟಾಮ್ ಥಾಮ್ಸನ್ ಯಾರು ಅಂತ ಹುಡುಕಿದೆ. ದೊಡ್ಡ ಚಿತ್ರಕಾರ, ಕ್ಯಾನೂ ಹೊಡೆಯುವುದರಲ್ಲಿ ಪಳಗಿದವನು. 1917ರ ಜುಲೈನಲ್ಲಿ ಅದೇ ಕ್ಯಾನೂ ಲೇಕಿನಲ್ಲಿ ಸತ್ತ. ಎಂಟು ದಿನ ಆದ ಮೇಲೆ ಹೆಣ ಸಿಕ್ಕಿತು. ಅಂಥವನೇ ಹೋದ ಮೇಲೆ ಹಂಪಿ ತೆಪ್ಪದವರ ಗತಿ ಏನು?

ಸ್ಕಾರ್ಬರೋ ಸೊಸೆ:
ಸರ್, ನಮ್ಮೂರಿನ ಕೆರೆ ಬಾವಿಗಳಲ್ಲಿ ಸತ್ತವರಿಲ್ವಾ? ಅಜ್ಜಿ ಮನೆಗೆ ಕಳಿಸಿ ಅಂತೀರಿ, ನಮ್ಮ ಅಜ್ಜಿ ಮನೆ ಹಿತ್ತಲಲ್ಲಿ ಕಟ್ಟೆ ಇಲ್ಲದ ಬಾವಿ ಇದೆ.

ತುಂಗಾತೀರ:
ಮಾತು ತಿರುಚಬೇಡಿ. ನಾನು ಸಂಸ್ಕೃತಿ ಬಗ್ಗೆ ಹೇಳುತ್ತಿದ್ದೇನೆ.

(ಇಲ್ಲಿಂದ ಮುಂದೆ ಹದಿನೇಳು ಉತ್ತರ, ಎಲ್ಲ ಶನಿವಾರದ ಕನ್ನಡ ತರಗತಿ ಬಗ್ಗೆ.)

ಮಿಸಿಸಾಗಾ ಮಲ್ಲಿಗೆ:
ಎಲ್ಲರಿಗೂ ಧನ್ಯವಾದ. ನನ್ನ ಪ್ರಶ್ನೆ ಈಜಿನದು. ಯಾರೂ ಹೇಳಲಿಲ್ಲ.

ಬಯಲುಸೀಮೆ:
ಅಕ್ಕ, ನನಗೂ ಬರಲ್ಲ. ಚಿತ್ರದುರ್ಗದಲ್ಲಿ ಈಜೋಕೆ ನೀರು ಎಲ್ಲಿತ್ತು? ಎರಡು ಸಲ ಹೋಗಿ ಬಂದೆ. ದೋಣಿಯಲ್ಲಿ ತಲೆಗೊಂದು ಲೈಫ್ ಜಾಕೆಟ್ ಇರಲೇಬೇಕು ಅಂತ ಕಾನೂನು ಇದೆ. ಜೊತೆಗೆ ಸೀಟಿ, ನೀರು ಎತ್ತಿ ಹಾಕಲು ಮಗ್ಗು, 15 ಮೀಟರ್ ತೇಲುವ ಹಗ್ಗ. ಜನ ಜಾಕೆಟ್ಟನ್ನು ಕಾಲಡಿ ಹಾಕಿಕೊಂಡು ಕೂರುತ್ತಾರೆ. ನೀವು ದಡದಲ್ಲೇ ಬಕಲ್ ಹಾಕಿ, ದಡದಲ್ಲೇ ಬಿಚ್ಚಿ. ಹೋಗುವ ಮೊದಲು ಈಜುಕೊಳದಲ್ಲಿ ಜಾಕೆಟ್ ಹಾಕಿಕೊಂಡು ಒಮ್ಮೆ ನೀರಿಗೆ ಬಿದ್ದು ನೋಡಿ, ಕೇಳಿದರೆ ಬಿಡುತ್ತಾರೆ. ಬಿದ್ದ ತಕ್ಷಣ ಉಸಿರು ಕಟ್ಟುತ್ತದೆ, ಆಮೇಲೆ ಜಾಕೆಟ್ಟೇ ಮೇಲೆತ್ತುತ್ತದೆ. ಅದು ಮೈಗೆ ಒಮ್ಮೆ ಗೊತ್ತಾಗಬೇಕು. ಹುಟ್ಟು ಹಾಕಲು ಬಲ್ಲವರ ದೋಣಿಯಲ್ಲಿ ಕೂತುಕೊಳ್ಳಿ, ಯಜಮಾನರ ದೋಣಿಯಲ್ಲಿ ಅಲ್ಲ. ದಡದ ಪಕ್ಕದಲ್ಲೇ ಹೋಗಿ. ಬೆಳಿಗ್ಗೆ ಬೇಗ ಹೊರಡಿ. ದೋಣಿಯಲ್ಲಿ ಎದ್ದು ನಿಲ್ಲಬೇಡಿ, ಫೋಟೋಗೂ ನಿಲ್ಲಬೇಡಿ.

ಮಿಸಿಸಾಗಾ ಮಲ್ಲಿಗೆ:
ನಿನ್ನೆ ಸಂಜೆ ಈಜುಕೊಳಕ್ಕೆ ಹೋಗಿದ್ದೆ. ಬಕಲ್ ಹಾಕಿದ್ದು ಮಗಳು. ಮೂರು ಸಲ ಬಿದ್ದೆ. ಮೊದಲ ಸಲ ಮೂಗಿಗೆ ನೀರು ಹೋಯಿತು. ಟಾಮ್ ಥಾಮ್ಸನ್ ಕೆರೆ ವಾರಾಂತ್ಯ ಭರ್ತಿ, ಸೋಮವಾರದಿಂದ ಎರಡು ರಾತ್ರಿ ಸಿಕ್ಕಿದೆ. ಗೌಡರೇ, ಆ ವಾರ ನಿಮ್ಮ ಮನೆಯವರು ಬರುತ್ತೀರಾ?