ಸಹಾಯ ಬೇಕು: ಅಂತರಾ ಇಂಜೆಕ್ಷನ್ ನಡುವೆ ಬಿಟ್ಟ ಅಕ್ಕಂದಿರ ಜೊತೆ ಮಾತಾಡಬೇಕಿದೆ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಮಕ್ಕಳ ನಡುವೆ ಅಂತರ ಇಡಲು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಅಂತರಾ ಇಂಜೆಕ್ಷನ್ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಅದನ್ನು 3 ತಿಂಗಳಿಗೊಮ್ಮೆ ತಗೋಬೇಕು. ಆದರೆ ನಾನು ಮಾತಾಡಿಸಿದ ಕೆಲವರು ಒಂದೇ ಡೋಸ್‌ಗೆ ಬಿಟ್ಟಿದ್ದಾರೆ. ಮುಟ್ಟು ನಿಂತಿತು, ಕೆಟ್ಟ ರಕ್ತ ಒಳಗೇ ಉಳಿಯಿತು ಅಂತ ಹೆದರಿದವರೇ ಜಾಸ್ತಿ. ಈ ಇಂಜೆಕ್ಷನ್ ತಗೊಂಡಾಗ ಮುಟ್ಟು ಏರುಪೇರಾಗುವುದು, ನಿಲ್ಲುವುದು ಸಾಮಾನ್ಯ. ರಕ್ತ ಒಳಗೆ ಸೇರಿಕೊಳ್ಳುವುದಿಲ್ಲ. ಇದನ್ನು ಮೊದಲೇ ಯಾರಾದರೂ ಕೂತು ಹೇಳಬೇಕಿತ್ತು ಅಲ್ವಾ? ಇನ್ನು ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದಾಗ ತಾರೀಖು ತಪ್ಪಿದೆ. 4 ವಾರ ತಡವಾದರೂ ಹಾಕಿಸಿಕೊಳ್ಳಬಹುದು ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಇಂಡಿ, ಸಿಂದಗಿ, ತಾಳಿಕೋಟೆ ಕಡೆಯ ಆಶಾ ಅಕ್ಕಂದಿರು ಯಾರಾದರೂ ಇದ್ದೀರಾ? ಇಂಥ ಹದಿನೈದು ಹೆಣ್ಣುಮಕ್ಕಳ ಜೊತೆ ಮಾತಾಡಬೇಕು, ಅವರು ಒಪ್ಪಿದರೆ ಮಾತ್ರ. ಹೆಸರು, ಊರು ಎಲ್ಲೂ ಬರೆಯುವುದಿಲ್ಲ. ಅವರು ಹೇಳಿದ ಹೊತ್ತಿಗೆ, ಹೇಳಿದ ಕಡೆಗೆ ನಾನೇ ಬರುತ್ತೇನೆ.

ಇನ್ನೊಂದು ಮಾತು. ನನ್ನ ಪ್ರಶ್ನೆಗಳು ಪುಸ್ತಕದ ಭಾಷೆಯಲ್ಲಿವೆ. ‘ಗರ್ಭನಿರೋಧಕ’ ಅಂದರೆ ಸುಮ್ನೆ ಮುಖ ನೋಡುತ್ತಾರೆ. ನಿಮ್ಮೂರಲ್ಲಿ ಇದಕ್ಕೆ ಏನಂತಾರೆ? ದಯವಿಟ್ಟು ಕಮೆಂಟ್‌ನಲ್ಲಿ ತಿಳಿಸಿ.