ಸಹಾಯ ಬೇಕು: ನೀಟ್ ಕೆಮಿಸ್ಟ್ರಿ, ಪಿಎಚ್ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೇನೆ

ಎಲ್ಲರಿಗೂ ನಮಸ್ಕಾರ. ಊರು ಜಗಳೂರಿನ ಹತ್ತಿರ, ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡು ಎರಡನೇ ಸಲ ನೀಟ್‌ಗೆ ಓದುತ್ತಿದ್ದೇನೆ. ಬಾಪೂಜಿ ಡೆಂಟಲ್ ಕಾಲೇಜಿನಲ್ಲಿ ಬಿಡಿಎಸ್ ಮಾಡಬೇಕು ಅಂತ ತುಂಬಾ ಆಸೆ. ಬಯಾಲಜಿ ಪರವಾಗಿಲ್ಲ. ಆದರೆ ಕೆಮಿಸ್ಟ್ರಿಯ 45 ಪ್ರಶ್ನೆಗೆ 180 ಅಂಕ ಇದೆ, ಅದನ್ನು ಬಿಟ್ಟರೆ ಸೀಟು ಕಷ್ಟ ಅಲ್ವಾ? ತಪ್ಪಾದರೆ ಒಂದು ಅಂಕ ಬೇರೆ ಹೋಗುತ್ತದೆ, ಸುಮ್ನೆ ಊಹೆ ಮಾಡಿ ಗುರುತು ಹಾಕಲೂ ಭಯ.

ಲೆಕ್ಕ ಹೀಗಿದೆ. 100 ಮಿಲಿ 0.1 ಮೋಲಾರ್ ಅಸಿಟಿಕ್ ಆಸಿಡ್‌ಗೆ ಅಷ್ಟೇ ಮೋಲಾರಿಟಿಯ ಸೋಡಿಯಂ ಹೈಡ್ರಾಕ್ಸೈಡ್ 50 ಮಿಲಿ ಹಾಕಿದರೆ ಅರ್ಧ ಆಸಿಡ್ ಉಳಿಯುತ್ತದೆ, ಅರ್ಧ ಸಾಲ್ಟ್ ಆಗುತ್ತದೆ, ಹಾಗಾಗಿ ಪಿಎಚ್ ಆ ಆಸಿಡ್‌ನ ಪಿಕೆಎಗೆ (ಆಸಿಡ್ ಎಷ್ಟು ಪ್ರಬಲ ಅಂತ ಹೇಳುವ ಸಂಖ್ಯೆ) ಸಮ, 4.74. ಇಲ್ಲಿಯವರೆಗೆ ಅರ್ಥವಾಗಿದೆ. ಅದೇ ಸೋಡಿಯಂ ಹೈಡ್ರಾಕ್ಸೈಡ್ 100 ಮಿಲಿ ಹಾಕಿದಾಗ ಬಫರ್ ಸೂತ್ರದಲ್ಲಿ (ಆಸಿಡ್, ಅದರ ಸಾಲ್ಟ್ ಎರಡೂ ಇದ್ದಾಗ ಪಿಎಚ್ ಕಂಡುಹಿಡಿಯುವ ಸೂತ್ರ) ಆಸಿಡ್ ಜಾಗಕ್ಕೆ ಸೊನ್ನೆ ಬರುತ್ತದೆ, ಲೆಕ್ಕ ಅಲ್ಲೇ ನಿಲ್ಲುತ್ತದೆ. ಆಸಿಡ್, ಬೇಸ್ ಎರಡೂ ಸಮ ಆಯಿತಲ್ಲ, ಪಿಎಚ್ 7 ಇರಬೇಕು ಅಂದುಕೊಂಡೆ. ಉತ್ತರ 8.72 ಅಂತ ಕೊಟ್ಟಿದ್ದಾರೆ.

ಎನ್‌ಸಿಇಆರ್‌ಟಿ ಪಾಠ ಮೂರು ಸಲ ಓದಿದೆ. ವಿಡಿಯೊ ನೋಡಿದೆ. ಕೋಚಿಂಗ್‌ನಲ್ಲಿ ಕೇಳಿದರೆ ಸೂತ್ರ ಬಾಯಿಪಾಠ ಮಾಡು ಅಂದರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದವನು ನಾನು, ಕಾರಣ ಗೊತ್ತಾಗದೆ ಸೂತ್ರ ತಲೆಯಲ್ಲಿ ನಿಲ್ಲುವುದೇ ಇಲ್ಲ.

ಆಸಿಡ್ ಪೂರ್ತಿ ಮುಗಿದ ಮೇಲೂ ಪಿಎಚ್ 7ಕ್ಕಿಂತ ಜಾಸ್ತಿ ಯಾಕೆ ಬರುತ್ತದೆ? ಪ್ರಶ್ನೆ ಓದಿದ ಕೂಡಲೇ ಬಫರ್ ಸೂತ್ರ ಹಾಕಬೇಕೋ, ಸಾಲ್ಟ್ ಹೈಡ್ರಾಲಿಸಿಸ್ (ಸಾಲ್ಟ್ ನೀರಿನ ಜೊತೆ ವರ್ತಿಸುವುದು) ಸೂತ್ರ ಹಾಕಬೇಕೋ ಅಂತ ಹೇಗೆ ಗುರುತಿಸುತ್ತೀರಿ? ಗೊತ್ತಿರುವ ಅಣ್ಣ, ಅಕ್ಕ ಯಾರಾದರೂ ಕನ್ನಡದಲ್ಲೇ ಬಿಡಿಸಿ ಹೇಳುತ್ತೀರಾ?